ಮುಂದುವರಿಕೆ ಶಿಕ್ಷಣ: ಪ್ರಮಾಣಪತ್ರ ಮತ್ತು ಸ್ನಾತಕೋತ್ತರ ಪದವಿ

ಕಾಲೇಜು ಮುಗಿಸಿ ಉದ್ಯೋಗಕ್ಕೋ ಸಂಸಾರಕ್ಕೋ ಇಳಿದವರು ಮತ್ತೆ ಕೈಗೊಳ್ಳುವ ವ್ಯಾಸಂಗಕ್ಕೆ ಮುಂದುವರಿಕೆ ಶಿಕ್ಷಣ ಎಂದು ಹೆಸರು. ಭಾರತದಲ್ಲಿ ಇದು ಬಹುಮಟ್ಟಿಗೆ ದೂರಶಿಕ್ಷಣದ ಆಸರೆಯಲ್ಲೇ ಬೆಳೆಯಿತು. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ತೆರೆದ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ (ಕರಾಮುವಿ) ಆಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ (ಇಗ್ನೊ) ಸ್ಥಾಪನೆಯಾದದ್ದು 1985ರಲ್ಲಿ. ಪದವೀಧರರೊಬ್ಬರು ಮತ್ತೆ ಓದಲು ಹೊರಟಾಗ ಮೊದಲು ಎದುರಾಗುವ ಪ್ರಶ್ನೆ, ಸಣ್ಣ ಅವಧಿಯ ಪ್ರಮಾಣಪತ್ರ ಸಾಕೋ ಎರಡು ವರ್ಷದ ಸ್ನಾತಕೋತ್ತರ ಪದವಿಯೇ ಬೇಕೋ ಎಂಬುದು.

ಎರಡಕ್ಕೂ ಕಾನೂನಿನಲ್ಲಿರುವ ಅಂತರ ದೊಡ್ಡದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 1956ರ ಕಾಯ್ದೆಯ 22ನೇ ಪ್ರಕರಣದಂತೆ ಪದವಿ ನೀಡುವ ಹಕ್ಕು ಕಾಯ್ದೆಬದ್ಧ ವಿಶ್ವವಿದ್ಯಾನಿಲಯಗಳಿಗೆ, ಪರಿಗಣಿತ ವಿಶ್ವವಿದ್ಯಾನಿಲಯಗಳಿಗೆ ಮತ್ತು ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಉಂಟು. ಪ್ರಮಾಣಪತ್ರಕ್ಕೆ ಇಂಥ ಬೇಲಿಯಿಲ್ಲ. ಖಾಸಗಿ ತರಬೇತಿ ಕೇಂದ್ರವೂ ಅದನ್ನು ಕೊಡಬಲ್ಲದು. ಹೀಗಾಗಿ ಪ್ರಮಾಣಪತ್ರದ ತೂಕ ಅದನ್ನು ಕೊಟ್ಟವರ ಹೆಸರಿನಲ್ಲೂ ಪರೀಕ್ಷೆಯ ಬಿಗಿಯಲ್ಲೂ ಇರುತ್ತದೆ. ಎನ್‌ಪಿಟೆಲ್ ಎಂಬ ಆನ್‌ಲೈನ್ ವೇದಿಕೆಯ ಕೋರ್ಸುಗಳಲ್ಲಿ ಪಾಠ ಉಚಿತ, ಆದರೆ ಪ್ರಮಾಣಪತ್ರ ಬೇಕೆಂದರೆ ಶುಲ್ಕ ಕಟ್ಟಿ, ಮೇಲ್ವಿಚಾರಕರ ಎದುರು ಪರೀಕ್ಷೆ ಬರೆಯಬೇಕು. 100 ಅಂಕಗಳಲ್ಲಿ 75 ಆ ಪರೀಕ್ಷೆಯವು. ವಿಡಿಯೊ ನೋಡಿದವರಿಗೆಲ್ಲ ಹಂಚುವ ಕಾಗದವನ್ನು ಇದರ ಜೊತೆಗೆ ಇಡಲಾಗದು.

ಶ್ರಮದ ಲೆಕ್ಕವನ್ನು ಅರ್ಜಿ ಹಾಕುವ ಮೊದಲೇ ಮಾಡಿಕೊಳ್ಳಬೇಕು. ಇಗ್ನೊದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ಅಸೈನ್‌ಮೆಂಟ್ ಬರೆಯುವುದೂ ಇದರಲ್ಲೇ ಸೇರಿದೆ. 16 ಕ್ರೆಡಿಟ್‌ಗಳ ಆರು ತಿಂಗಳ ಪ್ರಮಾಣಪತ್ರಕ್ಕೆ 480 ಗಂಟೆ, 80 ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿಗೆ 2,400 ಗಂಟೆ. ವಾರಕ್ಕೆ ಹಂಚಿದರೆ ಮೊದಲನೆಯದು 18 ಗಂಟೆ ಮೀರುತ್ತದೆ, ಎರಡನೆಯದು 23ರ ಸುತ್ತ ಬರುತ್ತದೆ. ವಾರದ ಹೊರೆಯಲ್ಲಿ ಅಂಥ ಅಂತರವಿಲ್ಲ. ಆ ಹೊರೆಯನ್ನು ಎಷ್ಟು ಕಾಲ ಹೊರಬೇಕೆಂಬುದೇ ಅಂತರ. ಮಗುವಿನ ಪರೀಕ್ಷೆ, ವರ್ಗಾವಣೆ, ಮನೆಯಲ್ಲೊಬ್ಬರ ಕಾಯಿಲೆ, ಎಲ್ಲವೂ ಎರಡು ವರ್ಷದೊಳಗೆ ಬಂದುಹೋಗುವಂಥವು. ಸ್ನಾತಕೋತ್ತರ ಕೋರ್ಸನ್ನು ಮುಗಿಸಲು ಇಗ್ನೊ ನಾಲ್ಕು ವರ್ಷದವರೆಗೆ ಅವಕಾಶ ಕೊಟ್ಟಿರುವುದು ದುಡಿಯುವವರಿಗೆ ನಿಜವಾದ ಉಪಕಾರ.

ಆಯ್ಕೆಯನ್ನು ಬಹುಪಾಲು ತೀರ್ಮಾನಿಸುವುದು ನೇಮಕಾತಿ ಅಧಿಸೂಚನೆಯ ‘ವಿದ್ಯಾರ್ಹತೆ’ ಎಂಬ ಸಾಲು. ಗ್ರಂಥಾಲಯ ವಿಜ್ಞಾನವನ್ನೇ ನೋಡಬಹುದು. ಪಿಯುಸಿ ಆದವರು ಇಗ್ನೊದ ಆರು ತಿಂಗಳ ಪ್ರಮಾಣಪತ್ರ ಪಡೆದರೆ ಪುಸ್ತಕಗಳ ವರ್ಗೀಕರಣ, ಸೂಚೀಕರಣದ ಮೊದಲ ಪಾಠಗಳು ಕೈಗೆ ಬರುತ್ತವೆ. ಸಣ್ಣ ಗ್ರಂಥಾಲಯದ ನಿತ್ಯದ ಕೆಲಸಕ್ಕೆ ಅವು ಆಗಿಬರುತ್ತವೆ. ಯುಜಿಸಿಯ 2018ರ ನಿಯಮದಂತೆ ಕಾಲೇಜು ಗ್ರಂಥಪಾಲಕರಾಗಲು ಅದೇ ವಿಷಯದ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಬೇಕು, ಜೊತೆಗೆ ನೆಟ್ ಅಥವಾ ಕೆ-ಸೆಟ್‌ನಂಥ ಅರ್ಹತಾ ಪರೀಕ್ಷೆ. ಎಷ್ಟು ಪ್ರಮಾಣಪತ್ರ ಪೇರಿಸಿದರೂ ಆ ಸಾಲು ದಾಟಲಾಗದು. ಇದಕ್ಕೆ ಪ್ರತಿಯಾಗಿ, ಇರುವ ಕೆಲಸದಲ್ಲೇ ಲೆಕ್ಕಪತ್ರದ ತಂತ್ರಾಂಶವನ್ನೋ ದತ್ತಾಂಶ ವಿಶ್ಲೇಷಣೆಯನ್ನೋ ಕಲಿಯಬೇಕಾದವರು ಎಂ.ಎ.ಗೆ ಎರಡು ವರ್ಷ ಸುರಿದರೆ ಹಣವೂ ಕಾಲವೂ ವ್ಯರ್ಥ.

ಎರಡರ ನಡುವೆ ಈಗ ಸೇತುವೆಗಳಿವೆ. 2021ರಲ್ಲಿ ಬಂದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನಲ್ಲಿ ಕ್ರೆಡಿಟ್‌ಗಳನ್ನು ಸಾಮಾನ್ಯವಾಗಿ ಏಳು ವರ್ಷ ಉಳಿಸಿಕೊಳ್ಳಬಹುದು. ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗವನ್ನು ಮೊದಲ ವರ್ಷಕ್ಕೆ ನಿಲ್ಲಿಸಿದವರಿಗೆ ಸ್ನಾತಕೋತ್ತರ ಡಿಪ್ಲೊಮಾ ನೀಡಲು ಯುಜಿಸಿಯ 2024ರ ಚೌಕಟ್ಟು ಹೇಳುತ್ತದೆ. ಆದರೆ ಉಳಿಸಿದ ಕ್ರೆಡಿಟ್ ಮುಂದೆ ಸಲ್ಲಬೇಕಾದರೆ ಕೋರ್ಸಿನ ಹಂತ ಹೊಂದಬೇಕು, ಸೇರುವ ವಿಶ್ವವಿದ್ಯಾನಿಲಯ ಒಪ್ಪಬೇಕು.

ಮಾನ್ಯತೆಯ ವಿಷಯದಲ್ಲಿ ಕನ್ನಡಿಗರು ಪೆಟ್ಟು ತಿಂದಿದ್ದಾರೆ. 2013-14ರಿಂದ ಕರಾಮುವಿಯ ಮಾನ್ಯತೆಯನ್ನು ಯುಜಿಸಿ ಮುಂದುವರಿಸಲಿಲ್ಲ. ಅದು ಮರಳಿದ್ದು 2018ರಲ್ಲಿ. ನಡುವೆ ದುಡಿಮೆಯ ಹಣ ಕಟ್ಟಿ, ರಾತ್ರಿ ನಿದ್ದೆಗೆಟ್ಟು ಓದಿದವರ ಪದವಿ ಅವರ ತಪ್ಪೇನೂ ಇಲ್ಲದೆ ಪ್ರಶ್ನೆಗೊಳಗಾಯಿತು. ಆದ್ದರಿಂದ ಶುಲ್ಕ ಕಟ್ಟುವ ಮುನ್ನ, ತಾವು ಸೇರುವ ಕೋರ್ಸು ಆ ವರ್ಷದ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೊದ ಜಾಲತಾಣದಲ್ಲಿ ಪ್ರತಿಯೊಬ್ಬರೂ ಸ್ವತಃ ನೋಡಿಕೊಳ್ಳಬೇಕು.