ಹೊಗೆಕೊಳವೆಯ ಕೆಳಗಿನ ಮನುಷ್ಯ: ಹಡಗಿನ ಚೀಫ್ ಎಂಜಿನಿಯರನ ಹೊಣೆ ಬೆಳೆದುಬಂದ ಬಗೆ

ಯಾಟ್ ಎಂದೊಡನೆ ನಮಗೆ ನೆನಪಾಗುವುದು ಬಿಳಿ ಬಣ್ಣದ ವಿಹಾರನೌಕೆ, ಮೇಲೆ ಗಾಳಿಗೆ ಕುಳಿತ ಅತಿಥಿಗಳು, ಚುಕ್ಕಾಣಿಯ ಬಳಿ ನಿಂತ ಕ್ಯಾಪ್ಟನ್. ನಮ್ಮ ವಾಷಿಂಗ್ಟನ್ ಪ್ರದೇಶಕ್ಕೂ ಇಂಥ ನೌಕೆಗಳಿಗೂ ಹಳೆಯ ನಂಟು. 1925ರಲ್ಲಿ ಕಟ್ಟಿದ 104 ಅಡಿ ಉದ್ದದ 'ಸಿಕ್ವೊಯಾ' ಎಂಬ ಮರದ ಯಾಟ್ ಹೂವರ್ ಕಾಲದಿಂದ ಹಲವು ಅಧ್ಯಕ್ಷರನ್ನು ಪೊಟೊಮ್ಯಾಕ್ ನದಿಯ ಮೇಲೆ ತಿರುಗಾಡಿಸಿತು. 1977ರಲ್ಲಿ ಕಾರ್ಟರ್ ಸರ್ಕಾರ ಅದನ್ನು ಹರಾಜು ಹಾಕಿತು. ಮರದ ನೌಕೆಗೆ ಬೆಂಕಿ ಬಿದ್ದರೆ ಗತಿಯೇನು ಎಂಬ ಅಂಜಿಕೆ ಫ್ರಾಂಕ್ಲಿನ್ ರೂಸ್‌ವೆಲ್ಟರಿಗಿತ್ತು. ಪೋಲಿಯೊದಿಂದ ಅವರ ಕಾಲು ಸ್ವಾಧೀನದಲ್ಲಿರಲಿಲ್ಲ. ಹಾಗಾಗಿ 1936ರಲ್ಲಿ ಉಕ್ಕಿನ 'ಪೊಟೊಮ್ಯಾಕ್' ಬಂತು. ಅದರ ಎರಡು ಹೊಗೆಕೊಳವೆಗಳಲ್ಲಿ ಒಂದು ಬರೀ ತೋರಿಕೆಯದು. ಅದರೊಳಗೆ ಅಧ್ಯಕ್ಷರಿಗಾಗಿ ಲಿಫ್ಟ್ ಅಳವಡಿಸಿದ್ದರು. ಹೊಗೆ ಬಿಡದ ಆ ಕೊಳವೆಯ ಕಥೆ ಎಲ್ಲ ಕಡೆ ಸಿಗುತ್ತದೆ. ಹೊಗೆ ಬಿಡುತ್ತಿದ್ದ ಕೊಳವೆಯ ಕೆಳಗೆ ದುಡಿದವರ ಕಥೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಬಹಳ ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ಈಗ ಕ್ಲಾರ್ಕ್ಸ್‌ಬರ್ಗಿನಲ್ಲಿ ನೆಲೆಸಿರುವ ನನಗೆ ಆ ಕೆಳಗಿನವರ ಚರಿತ್ರೆಯಲ್ಲೇ ಹೆಚ್ಚು ಆಸಕ್ತಿ. ಚೀಫ್ ಎಂಜಿನಿಯರ್ ಎಂಬ ಹುದ್ದೆಗೆ ಈ ದೇಶದಲ್ಲಿ ಕಾನೂನಿನ ಬಲ ಬಂದದ್ದು ಹೇಗೆ ಎಂದು ಹುಡುಕುತ್ತ ಹೋದರೆ ದಾರಿ ನಮ್ಮ ಆಸುಪಾಸಿನ ನೀರಿಗೇ ಬಂದು ಸೇರುತ್ತದೆ.

1838ರ ಜೂನ್ 14ರ ರಾತ್ರಿ. 'ಪುಲಾಸ್ಕಿ' ಎಂಬ ಉಗಿಹಡಗು ಜಾರ್ಜಿಯಾದ ಸವಾನಾದಿಂದ ಹೊರಟು, ಚಾರ್ಲ್ಸ್‌ಟನ್ ಮುಟ್ಟಿ, ಬಾಲ್ಟಿಮೋರಿನ ಕಡೆ ಸಾಗಿತ್ತು. ಬೇಸಿಗೆಯ ಸೆಕೆ ತಪ್ಪಿಸಿಕೊಳ್ಳಲು ಉತ್ತರಕ್ಕೆ ಹೊರಟ ಕುಟುಂಬಗಳೂ ಅದರಲ್ಲಿದ್ದವು. ನಾರ್ತ್ ಕೆರೊಲಿನಾದ ಕರಾವಳಿಯಾಚೆ, ರಾತ್ರಿ ಸುಮಾರು 11 ಗಂಟೆಗೆ, ಬಲಬದಿಯ ಬಾಯ್ಲರ್ ಸಿಡಿಯಿತು. ಒಂದು ಗಂಟೆಯೊಳಗೆ ಹಡಗು ಮುಳುಗಿತು. ನೂರಕ್ಕೂ ಹೆಚ್ಚು ಜನ ಸತ್ತರು. ಬಾಯ್ಲರಿನಲ್ಲಿ ನೀರು ತೀರ ಇಳಿದಿತ್ತು, ಕಾದ ಲೋಹದ ಮೇಲೆ ತಣ್ಣೀರು ಬಿಟ್ಟರು ಎಂದು ಆ ಕಾಲದ ವರದಿಗಳು ದೂರಿದವು.

ಇದರ ಮರ್ಮ ನಮ್ಮ ಅಡುಗೆಮನೆಯಲ್ಲಿ ಪ್ರೆಷರ್ ಕುಕ್ಕರ್ ಇಡುವವರಿಗೆಲ್ಲ ಗೊತ್ತು. ನೀರಿರುವ ತನಕ ಬೆಂಕಿಯ ಕಾವನ್ನು ನೀರು ಹೀರಿಕೊಳ್ಳುತ್ತದೆ. ನೀರು ಬತ್ತಿದರೆ ಕಾವೆಲ್ಲ ಲೋಹಕ್ಕೇ ಏರಿ ಅದರ ಬಲ ಕುಗ್ಗುತ್ತದೆ. ಕುಕ್ಕರಿನ ಮುಚ್ಚಳದ ಸೇಫ್ಟಿ ವಾಲ್ವಿನಲ್ಲಿ ಬೇಗ ಕರಗುವ ಮಿಶ್ರಲೋಹ ಇರುವುದು ಅದಕ್ಕೇ: ಕಾವು ಮಿತಿಮೀರಿದರೆ ಅದು ಕರಗಿ ಉಗಿಗೆ ದಾರಿ ಬಿಡುತ್ತದೆ. ಇಂಥದೇ ಬಿರಡೆಯನ್ನು ಹಡಗಿನ ಬಾಯ್ಲರಿಗೆ ಹಾಕಲೇಬೇಕೆಂದು ಅಮೆರಿಕದ ಕಾಯ್ದೆ 1852ರಲ್ಲಿ ವಿಧಿಸಿತು. ನಮ್ಮ ಅನ್ನದ ಕುಕ್ಕರಿಗೂ ಆ ಹಡಗುಗಳಿಗೂ ಒಂದೇ ಪಾಠ.

'ಪುಲಾಸ್ಕಿ' ಮುಳುಗಿದ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಉಗಿಹಡಗಿನ ಮಸೂದೆಯ ಚರ್ಚೆ ನಡೆದೇ ಇತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸಿನ್ಸಿನಾಟಿಯಲ್ಲಿ 'ಮೊಸೆಲ್' ಹಡಗು ಸಿಡಿದು ಬಹಳ ಜನ ಸತ್ತಿದ್ದರು. ಜುಲೈ 7ರಂದು ಕಾಯ್ದೆ ಜಾರಿಯಾಯಿತು. ಬಾಯ್ಲರುಗಳನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು; ಅನುಭವವುಳ್ಳ, ನುರಿತ ಎಂಜಿನಿಯರುಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ಇಟ್ಟುಕೊಳ್ಳಬೇಕು; ಅಲಕ್ಷ್ಯದಿಂದ ಜೀವ ಹೋದರೆ ಕ್ಯಾಪ್ಟನ್, ಪೈಲಟ್, ಎಂಜಿನಿಯರ್ ಯಾರೇ ಆಗಲಿ, ತಪ್ಪಿತಸ್ಥನಿಗೆ ಹತ್ತು ವರ್ಷದವರೆಗೆ ಸೆರೆವಾಸ. ಆದರೆ 'ನುರಿತ' ಎಂದರೆ ಯಾರು? ಅದನ್ನು ಅಳೆಯುವವರು ಯಾರು? ಕಾಯ್ದೆ ಹೇಳಲಿಲ್ಲ. ಹಡಗುಗಳು ಸಿಡಿಯುವುದೂ ನಿಲ್ಲಲಿಲ್ಲ.

1852ರ ಆಗಸ್ಟ್ 30ರ ಕಾಯ್ದೆ ಆ ಕೊರತೆ ತುಂಬಿತು. ಪ್ರಯಾಣಿಕರ ಉಗಿಹಡಗಿನ ಎಂಜಿನಿಯರ್ ಮತ್ತು ಪೈಲಟ್ ಸರ್ಕಾರದ ಇನ್‌ಸ್ಪೆಕ್ಟರುಗಳ ಮುಂದೆ ನಿಂತು ಲೈಸೆನ್ಸ್ ಪಡೆಯಬೇಕಾಯಿತು; ಅದರ ಅವಧಿ ಒಂದೇ ವರ್ಷ. ಗಮನಿಸಬೇಕಾದ ಮಾತೆಂದರೆ, ಕ್ಯಾಪ್ಟನ್ನರಿಗೆ ಲೈಸೆನ್ಸ್ ಕಡ್ಡಾಯವಾದದ್ದು 1871ರ ಕಾಯ್ದೆಯಿಂದ. ಎಂದರೆ ಸರ್ಕಾರ ಮೊದಲು ಪರೀಕ್ಷಿಸಿದ್ದು ಹಡಗಿನ ಯಜಮಾನನನ್ನಲ್ಲ, ಕೆಳಗೆ ನೀರಿನ ಮಟ್ಟ ನೋಡುವವನನ್ನು.

ಲೈಸೆನ್ಸ್ ಕೊಟ್ಟ ಮಾತ್ರಕ್ಕೆ 'ಆಗುವುದಿಲ್ಲ' ಎನ್ನುವ ಧೈರ್ಯ ಬರುವುದಿಲ್ಲ. 1865ರ ಏಪ್ರಿಲ್‌ನಲ್ಲಿ ಮಿಸಿಸಿಪಿ ನದಿಯ 'ಸುಲ್ತಾನಾ' ಹಡಗಿನ ಬಾಯ್ಲರ್ ಸೋರುತ್ತಿತ್ತು. ಸರಿಯಾದ ದುರಸ್ತಿಗೆ ದಿನಗಳು ಬೇಕಿದ್ದವು. ಅಷ್ಟರಲ್ಲಿ ಊರಿಗೆ ಮರಳುವ ಸೈನಿಕರನ್ನು ಸಾಗಿಸುವ ಲಾಭ ಬೇರೆ ಹಡಗಿನ ಪಾಲಾಗುತ್ತಿತ್ತು. ತೇಪೆ ಹಾಕಿ ಹೊರಟರು. 376 ಜನರಿಗೆ ಅನುಮತಿಯಿದ್ದ ಹಡಗಿನಲ್ಲಿ 2,000ಕ್ಕೂ ಹೆಚ್ಚು ಜನ. ಏಪ್ರಿಲ್ 27ರ ನಸುಕಿನಲ್ಲಿ ಮೆಂಫಿಸ್ ಬಳಿ ಬಾಯ್ಲರುಗಳು ಸಿಡಿದು 1,100ಕ್ಕೂ ಹೆಚ್ಚು ಜನ ಸತ್ತರು. ಪರೀಕ್ಷೆಯಾದ ಪ್ರಮಾಣಪತ್ರ ಹಡಗಿನಲ್ಲೇ ಇತ್ತು.

ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಈ ಜಗ್ಗಾಟ ಅಣುಶಕ್ತಿಯ ಕಾಲಕ್ಕೂ ಮುಗಿಯಲಿಲ್ಲ. 1959ರಲ್ಲಿ ನೀರಿಗಿಳಿದ 'ಸವಾನಾ' ಅಮೆರಿಕದ ಮೊದಲ ಅಣುಚಾಲಿತ ವಾಣಿಜ್ಯ ಹಡಗು. ರಿಯಾಕ್ಟರ್ ನಡೆಸಲು ವಿಶೇಷ ತರಬೇತಿ ಪಡೆದ ಎಂಜಿನಿಯರುಗಳಿಗೆ ಹೆಚ್ಚಿನ ಸಂಬಳ ಸಿಕ್ಕಿತು. ರೂಢಿಯಂತೆ ತಮಗೇ ಹೆಚ್ಚು ಸಿಗಬೇಕೆಂದು ಡೆಕ್ ಅಧಿಕಾರಿಗಳು ಹಟ ಹಿಡಿದರು, ತೀರ್ಪೂ ಅವರ ಕಡೆಗಾಯಿತು. 1963ರಲ್ಲಿ ಎಂಜಿನಿಯರುಗಳು ರಿಯಾಕ್ಟರನ್ನೇ ನಿಲ್ಲಿಸಿದರು. ಸರ್ಕಾರ ಕಂಪನಿಯನ್ನು ಬದಲಿಸಿ ಹೊಸ ಸಿಬ್ಬಂದಿಗೆ ತರಬೇತಿ ಕೊಡಬೇಕಾಯಿತು. 2008ರಲ್ಲಿ ಆ ಹಡಗನ್ನು ನಮ್ಮ ಬಾಲ್ಟಿಮೋರಿಗೆ ತಂದು ನಿಲ್ಲಿಸಿದರು.

ಇಂದಿನ ದೊಡ್ಡ ಯಾಟಿನ ಚೀಫ್ ಎಂಜಿನಿಯರನ ಕೆಲಸ ನೋಡಿದರೆ ಅದು ಒಂದು ಚಿಕ್ಕ ಊರಿನ ಆಡಳಿತದಂತೆ. ಮುಖ್ಯ ಎಂಜಿನ್, ಜನರೇಟರುಗಳು, ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ, ಎಸಿ, ಕೊಳಚೆ ನೀರಿನ ಶುದ್ಧೀಕರಣ, ಹಡಗು ಹೊಯ್ದಾಡದಂತೆ ತಡೆಯುವ ರೆಕ್ಕೆಗಳು, ಬೆಂಕಿ ಆರಿಸುವ ಪಂಪುಗಳು, ಎಲ್ಲವೂ ಅವನ ಕೈಯಲ್ಲಿ. ಇಂಧನ ತುಂಬಿಸುವಾಗ ಒಂದು ಹನಿಯೂ ನೀರಿಗೆ ಚೆಲ್ಲದಂತೆ ನೋಡಬೇಕು. ಬಿಡಿಭಾಗಗಳ ಲೆಕ್ಕ, ದುರಸ್ತಿಯ ಖರ್ಚು, ಕಿರಿಯರ ತರಬೇತಿ ಅವನದೇ. ಅತಿಥಿಗಳಿಗೆ ಇದು ಯಾವುದೂ ಕಾಣಬಾರದು, ಕೇಳಿಸಲೂಬಾರದು. ಸರಕು ಹಡಗಿನಲ್ಲಿ ಕೈಕೆಳಗೆ ಹಲವರಿರುತ್ತಾರೆ. ಸಣ್ಣ ಯಾಟಿನಲ್ಲಿ ಎಷ್ಟೋ ಸಲ ಚೀಫ್ ಎನ್ನುವವನೇ ಇಡೀ ಎಂಜಿನ್ ವಿಭಾಗ.

ಎಲ್ಲಕ್ಕಿಂತ ಭಾರವಾದದ್ದು ಸಹಿ. ಸಾಗರ ಮಾಲಿನ್ಯ ತಡೆಯುವ ಮಾರ್‌ಪೋಲ್ ಒಪ್ಪಂದದ ಪ್ರಕಾರ 400 ಟನ್ನೇಜಿಗೆ ಮೇಲ್ಪಟ್ಟ ಹಡಗು ತೈಲ ದಾಖಲೆ ಪುಸ್ತಕ ಇಡಬೇಕು. ಹಡಗಿನ ತಳದಲ್ಲಿ ಕೂಡುವ ಎಣ್ಣೆ ಮಿಶ್ರಿತ ನೀರನ್ನು ಸೋಸಿ, ಹತ್ತು ಲಕ್ಷದಲ್ಲಿ 15 ಭಾಗಕ್ಕಿಂತ ಕಡಿಮೆ ಎಣ್ಣೆಯಿದ್ದರೆ ಮಾತ್ರ ಸಮುದ್ರಕ್ಕೆ ಬಿಡಬಹುದು. ಸೋಸುವ ಯಂತ್ರವನ್ನು ಬಳಸಿಕೊಂಡು ಹೋಗುವ ಗುಟ್ಟಿನ ಪೈಪು ಹಾಕಿ, ಪುಸ್ತಕದಲ್ಲಿ ಸುಳ್ಳು ಬರೆದು, ಅಮೆರಿಕದ ನ್ಯಾಯಾಲಯಗಳಲ್ಲಿ ಶಿಕ್ಷೆಗೊಳಗಾದ ಚೀಫ್ ಎಂಜಿನಿಯರುಗಳಿದ್ದಾರೆ. ಖರ್ಚು ಉಳಿಯುವುದು ಮಾಲೀಕನಿಗೆ, ಸೆರೆಮನೆ ಸಹಿ ಹಾಕಿದವನಿಗೆ.

1838ರಲ್ಲಿ ಪ್ರಶ್ನೆ ನೀರಿನ ಮಟ್ಟದ್ದು, ಇಂದು ಎಣ್ಣೆಯ ಅಳತೆಯದು. ಮೇಲಿನಿಂದ ಅವಸರದ ಒತ್ತಾಯ ಬಂದಾಗ ಕೆಳಗಿರುವವನು ಏನು ಹೇಳುತ್ತಾನೆ ಎಂಬುದು ಮಾತ್ರ ಬದಲಾಗಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಎಂಜಿನಿಯರಿಂಗ್ ಓದುತ್ತಿದ್ದಾರೆ. ಅವರು ಕಟ್ಟುವುದು ಸೇತುವೆಯೋ, ಸಾಫ್ಟ್‌ವೇರೋ, ಔಷಧದ ಯಂತ್ರವೋ ಇರಬಹುದು. ಅಲ್ಲಿಯೂ ಒಂದು ದಿನ ಯಾರೋ ತೇಪೆ ಹಾಕಿ ಹೊರಡೋಣ ಎನ್ನುತ್ತಾರೆ. ಈ ದೇಶ ಎಂಜಿನಿಯರನಿಗೆ ಲೈಸೆನ್ಸ್ ಕೊಟ್ಟದ್ದು ಯಂತ್ರ ಓಡಿಸಲು ಮಾತ್ರವಲ್ಲ, ಬೇಕಾದಾಗ ಅದನ್ನು ನಿಲ್ಲಿಸಲೂ ಹೌದು ಎಂಬುದನ್ನು ಅವರು ತಿಳಿದಿರಲಿ.