ವಿಕಿರಣ ಅಳೆಯಲು ಕಲಿತ ಜನ

1958ರ ಕೊನೆಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ತಾಯಂದಿರು ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಲಕೋಟೆಗೆ ಹಾಕಿ ಕಳಿಸತೊಡಗಿದರು. ಜೊತೆಗೊಂದು ಕಾರ್ಡು. ಮಗು ಹುಟ್ಟಿದ ದಿನ ಯಾವುದು, ಬಸುರಿಯಾಗಿದ್ದಾಗ ತಾಯಿ ಯಾವ ಊರಲ್ಲಿದ್ದಳು, ಮಗುವಿಗೆ ಕುಡಿಸಿದ್ದು ಎದೆಹಾಲೋ ಬಾಟಲಿ ಹಾಲೋ ಎಂಬುದನ್ನು ಅದರಲ್ಲಿ ಬರೆಯಬೇಕಿತ್ತು. ಬಯಲಲ್ಲಿ ನಡೆಯುತ್ತಿದ್ದ ಅಣುಬಾಂಬ್ ಪರೀಕ್ಷೆಗಳ ಸ್ಟ್ರಾನ್ಷಿಯಂ-90 ಮಳೆಯಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿನ ಹಾಲಿಗೆ, ಹಾಲಿನಿಂದ ಮಕ್ಕಳ ಮೂಳೆಗೆ ಸೇರುತ್ತಿದೆಯೇ ಎಂದು ತಿಳಿಯುವ ಪ್ರಯತ್ನವಿದು. ಜೀವವಿಜ್ಞಾನಿ ಬ್ಯಾರಿ ಕಾಮನರ್ ಮತ್ತು ಸಂಗಡಿಗರು ಕಟ್ಟಿದ್ದ ನಾಗರಿಕ ಸಮಿತಿಯ ಪರವಾಗಿ ವೈದ್ಯೆ ಲೂಯಿಸ್ ರೀಸ್ ಇದರ ಹೊಣೆ ಹೊತ್ತರು. 1961ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮೊದಲ ಫಲಿತಾಂಶ ಪ್ರಕಟವಾಯಿತು: 1950ರ ದಶಕ ಮುಂದೆ ಸಾಗಿದಂತೆ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಹೆಚ್ಚುತ್ತಲೇ ಇತ್ತು. 1970ರವರೆಗೆ ನಡೆದ ಈ ಸಮೀಕ್ಷೆಗೆ ಮೂರು ಲಕ್ಷಕ್ಕೂ ಹೆಚ್ಚು ಹಲ್ಲುಗಳು ಬಂದವು. 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದದ ಸುತ್ತ ನಡೆದ ಚರ್ಚೆಯಲ್ಲಿ ಈ ಅಂಕಿಗಳಿಗೂ ತೂಕವಿತ್ತು.

ಜನಸಾಮಾನ್ಯರ ವಿಕಿರಣ ಮಾಪನದ ಕಥೆಯನ್ನು ಬಹುತೇಕರು ಫುಕುಶಿಮಾದಿಂದ ಹೇಳುತ್ತಾರೆ. ನಾನು ಹಲ್ಲಿನಿಂದ ಆರಂಭಿಸಲು ಕಾರಣ ಆ ಕಾರ್ಡು. ಎಲ್ಲಿ, ಯಾವಾಗ, ಹೇಗೆ ಅಳೆದದ್ದು ಎಂಬ ಜಾತಕ ಜೊತೆಗಿಲ್ಲದ ವಿಕಿರಣದ ಅಂಕಿ ಯಾರಿಗೂ ಉಪಯೋಗವಿಲ್ಲ. ಮುಂದಿನ ಅರವತ್ತು ವರ್ಷಗಳಲ್ಲಿ ಹವ್ಯಾಸಿಗಳು ಗೆದ್ದದ್ದೆಲ್ಲ ಈ ಜಾತಕವನ್ನು ಜೋಪಾನ ಮಾಡಿದಾಗ. ಸೋತದ್ದೆಲ್ಲ ಅದನ್ನು ಮರೆತಾಗ.

1979ರ ಮಾರ್ಚ್ 28ರಂದು ಪೆನ್‌ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಸ್ಥಾವರದ ಎರಡನೇ ರಿಯಾಕ್ಟರಿನ ಇಂಧನ ಭಾಗಶಃ ಕರಗಿತು. ಕಂಪನಿ ಒಂದು ಹೇಳಿದರೆ ರಾಜ್ಯದವರು ಇನ್ನೊಂದು, ಕೇಂದ್ರದವರು ಮತ್ತೊಂದು ಹೇಳಿದರು. ಮರುವರ್ಷ ಕಟ್ಟಡದೊಳಗೆ ಉಳಿದಿದ್ದ ಕ್ರಿಪ್ಟಾನ್-85 ಅನಿಲವನ್ನು ಹೊರಬಿಡಬೇಕಾಗಿ ಬಂದಾಗ ಸುತ್ತಲ ಊರಿನವರು ಯಾವ ಅಧಿಕಾರಿಯ ಮಾತನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಆಗ ಸರ್ಕಾರವೇ ಒಂದು ದಾರಿ ಹುಡುಕಿತು. ಸುತ್ತಮುತ್ತಲ ಊರುಗಳಿಂದ ಆರಿಸಿದ ನಾಗರಿಕರಿಗೆ ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ತರಬೇತಿ ಕೊಟ್ಟರು; ಉಪಕರಣ ನೋಡಿ ಊರಿಗೆ ಅಂಕಿ ತಿಳಿಸುವ ಕೆಲಸ ಅವರದಾಯಿತು. ನಂಬಿಕೆ ಗಳಿಸಲು ಅಧಿಕಾರಸ್ಥರೇ ಉಪಕರಣವನ್ನು ಜನರ ಕೈಗೆ ಕೊಟ್ಟ ಆ ಉದಾಹರಣೆಯನ್ನು ನಂತರದ ಸರ್ಕಾರಗಳು ಮರೆತವು. ಅದಕ್ಕೆ ಅವು ತೆತ್ತ ಬೆಲೆ ದೊಡ್ಡದು.

ಚೆರ್ನೋಬಿಲ್‌ನಲ್ಲಿ ಕಂಡದ್ದು ಅದನ್ನೇ. ರಿಯಾಕ್ಟರ್ ಸಿಡಿದದ್ದು 1986ರ ಏಪ್ರಿಲ್ 26ರ ನಡುರಾತ್ರಿಯ ನಂತರ. ಹೊರಜಗತ್ತಿಗೆ ಸುಳಿವು ಸಿಕ್ಕಿದ್ದು 28ರ ಬೆಳಿಗ್ಗೆ, ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ನೌಕರನೊಬ್ಬನ ಬೂಟಿಗೆ ಅಂಟಿದ್ದ ಕಣಗಳಿಂದ ಅಲ್ಲಿನ ಎಚ್ಚರಿಕೆ ಗಂಟೆ ಬಾರಿಸಿದಾಗ. ಮಾಸ್ಕೋ ಬಾಯಿಬಿಟ್ಟದ್ದು ಅಂದು ರಾತ್ರಿ. ಫ್ರಾನ್ಸಿನಲ್ಲಂತೂ ಅಧಿಕಾರಿಗಳು ಆತಂಕಪಡಲು ಏನೂ ಇಲ್ಲವೆಂದೇ ಹೇಳುತ್ತಿದ್ದರು. ಗಡಿಯಾಚೆ ಜರ್ಮನಿಯಲ್ಲಿ ಮಕ್ಕಳಿಗೆ ಸೊಪ್ಪು, ಹಾಲು ಕೊಡಬೇಡಿ ಎಂಬ ಎಚ್ಚರಿಕೆ ನಡೆದಿತ್ತು. ಆ ಅಂತರವೇ ಎರಡು ಸಂಸ್ಥೆಗಳನ್ನು ಹುಟ್ಟಿಸಿತು: ದಕ್ಷಿಣದಲ್ಲಿ ಮಿಶೆಲ್ ರಿವಾಸಿ ಮುಂದಾಳಾಗಿದ್ದ ಕ್ರಿರಾಡ್, ನಾರ್ಮಂಡಿಯಲ್ಲಿ ಆಕ್ರೋ. ಎರಡೂ ಸ್ವಂತ ಪ್ರಯೋಗಾಲಯ ಕಟ್ಟಿದವು, ಎರಡೂ ಇಂದಿಗೂ ನಡೆಯುತ್ತಿವೆ.

ಬೆಲಾರೂಸಿನಲ್ಲಿ ನಡೆದದ್ದು ಇದಕ್ಕಿಂತ ಆಳವಾದ ಕೆಲಸ. ಭೌತವಿಜ್ಞಾನಿ ವಸಿಲಿ ನೆಸ್ಟೆರೆಂಕೊ 1990ರಲ್ಲಿ ಬೆಲ್‌ರಾಡ್ ಸಂಸ್ಥೆ ಕಟ್ಟಿ, ಹಳ್ಳಿಹಳ್ಳಿಗಳಲ್ಲಿ ಆಹಾರ ಅಳೆಯುವ ಕೇಂದ್ರಗಳನ್ನು ತೆರೆದರು. 1996ರಲ್ಲಿ ಓಲ್ಮನಿ ಎಂಬ ಹಳ್ಳಿಯಲ್ಲಿ ಫ್ರೆಂಚ್ ತಜ್ಞರು ಆರಂಭಿಸಿದ ‘ಎಥೋಸ್’ ಯೋಜನೆಯಲ್ಲಿ ತಾಯಂದಿರು ಮನೆಯ ಮೂಲೆಮೂಲೆಯನ್ನು, ಹಿತ್ತಲನ್ನು, ಮಕ್ಕಳ ತಟ್ಟೆಯ ಆಹಾರವನ್ನು ತಾವೇ ಅಳೆದರು. ಕಾಡಿನ ಅಣಬೆ, ಹಣ್ಣುಗಳಲ್ಲಿ ಸೀಸಿಯಂ ಎಷ್ಟು, ಯಾವ ಹುಲ್ಲುಗಾವಲಿನಲ್ಲಿ ಮೇಯ್ದ ಹಸುವಿನ ಹಾಲು ಸುರಕ್ಷಿತ ಎಂಬುದು ಅವರಿಗೆ ಬೇಕಿದ್ದ ಉತ್ತರ. ಸರ್ಕಾರ ಸುಳ್ಳು ಹೇಳಿದೆಯೆಂದು ಸಾಬೀತುಪಡಿಸುವುದು ಅಲ್ಲಿ ಮುಖ್ಯವಾಗಿರಲಿಲ್ಲ. ನಾಳೆ ಬೆಳಿಗ್ಗೆ ಮಗುವಿಗೆ ಯಾವ ಹಾಲು ಕೊಡಬೇಕು ಎಂಬುದು ಮುಖ್ಯವಾಗಿತ್ತು. ಸಿಟ್ಟಿನಿಂದ ಹುಟ್ಟಿದ ಈ ಕ್ಷೇತ್ರ ಬಾಳಿದ್ದು ಇಂಥ ಪ್ರಶ್ನೆಗಳಿಂದಲೇ ಎಂದು ನಾನು ನಂಬಿದ್ದೇನೆ.

ಅಂತರ್ಜಾಲ ಈ ಕಥೆಗೆ ಕೂಡಿಕೊಂಡದ್ದು 2011ರಲ್ಲಿ. ಮಾರ್ಚ್ 11ರ ಭೂಕಂಪ, ಸುನಾಮಿಯ ಬೆನ್ನಿಗೆ ಫುಕುಶಿಮಾ ದೈಇಚಿಯ ಒಂದನೇ ಘಟಕದ ಕಟ್ಟಡ 12ರಂದು, ಮೂರನೆಯದು 14ರಂದು, ನಾಲ್ಕನೆಯದು 15ರಂದು ಹೈಡ್ರೋಜನ್ ಸ್ಫೋಟಕ್ಕೆ ತುತ್ತಾದವು. ಗಾಳಿ ವಿಕಿರಣವನ್ನು ಯಾವ ಕಡೆ ಒಯ್ಯುತ್ತದೆಂದು ಲೆಕ್ಕ ಹಾಕುವ ‘ಸ್ಪೀಡಿ’ ಎಂಬ ಕಂಪ್ಯೂಟರ್ ವ್ಯವಸ್ಥೆ ಜಪಾನ್ ಸರ್ಕಾರದ ಬಳಿ ಇತ್ತು. ಅದರ ನಕ್ಷೆ ಜನರಿಗೆ ಸಿಕ್ಕಿದ್ದು 23ರಂದು. ಅಷ್ಟರಲ್ಲಿ ನಾಮಿಯೆ ಪಟ್ಟಣದ ಸಾವಿರಾರು ಜನ ಸುರಕ್ಷಿತವೆಂದು ತಿಳಿದು ಹೋಗಿ ನಿಂತದ್ದು ತ್ಸುಶಿಮಾದಲ್ಲಿ. 15ರಂದು ವಿಕಿರಣದ ಮೋಡ ಸಾಗಿದ ವಾಯವ್ಯದ ದಾರಿಯಲ್ಲೇ ಆ ಊರಿತ್ತು. ಮಕ್ಕಳು ಹೊರಗೆ ಆಡಿದ್ದರು, ದೊಡ್ಡವರು ಹೊರಗೆ ಅನ್ನ ಬೇಯಿಸಿದ್ದರು. ಅಳತೆ ಇದ್ದೂ ಜನರಿಗೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ತಿಳಿದಿಲ್ಲ.

ಆ ವಾರ ಅಂಗಡಿಗಳಲ್ಲಿ ವಿಕಿರಣ ಅಳೆಯುವ ಗೈಗರ್ ಕೌಂಟರ್‌ಗಳು ಖಾಲಿಯಾದವು. ಇದ್ದವರು ಕಿಟಕಿಯ ಪಕ್ಕ ಇಟ್ಟು ಅಂಕಿಗಳನ್ನು ನೇರ ಪ್ರಸಾರ ಮಾಡಿದರು. ಟೋಕಿಯೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರ್‍ಯುಗೊ ಹಯಾನೊ ಟ್ವಿಟರ್‌ನಲ್ಲಿ ಸರ್ಕಾರಿ ಅಂಕಿಗಳನ್ನು ಗ್ರಾಫ್ ಮಾಡಿ ವಿವರಿಸತೊಡಗಿದರು. ಸ್ಫೋಟವಾದ ಒಂದೇ ವಾರದಲ್ಲಿ ಶಾನ್ ಬಾನರ್, ಪೀಟರ್ ಫ್ರಾಂಕನ್, ಜೋಯಿ ಇಟೊ ಮತ್ತು ಗೆಳೆಯರು ಆರಂಭಿಸಿದ ಕೆಲಸ ಮುಂದೆ ‘ಸೇಫ್‌ಕಾಸ್ಟ್’ ಆಯಿತು. ಉಪಕರಣ ಕಡಿಮೆಯಿದ್ದದ್ದೇ ಅವರಿಗೆ ಅನುಕೂಲವಾಯಿತು. ಊರಿಗೊಂದು ಕೌಂಟರ್ ನೆಡಲಾಗದಿದ್ದರೆ ಒಂದನ್ನೇ ಕಾರಿಗೆ ಕಟ್ಟಿ ಊರೂರು ಸುತ್ತೋಣ ಎಂದು ಯೋಚಿಸಿದರು. ಜಪಾನಿನ ಊಟದ ಡಬ್ಬಿಯ ಹೆಸರು ಹೊತ್ತ ಆ ‘ಬಿಗೈಗಿ’ ಪೆಟ್ಟಿಗೆ ಕಾರಿನ ಕಿಟಕಿಯ ಹೊರಗೆ ನೇತಾಡುತ್ತಿತ್ತು. ಐದು ಸೆಕೆಂಡಿಗೊಮ್ಮೆ ವಿಕಿರಣದ ಎಣಿಕೆ, ಜಿಪಿಎಸ್ ಹೇಳುವ ಜಾಗ, ಸಮಯ, ಮೂರನ್ನೂ ಮೆಮೊರಿ ಕಾರ್ಡಿಗೆ ಬರೆಯುತ್ತಿತ್ತು. ಸೇಂಟ್ ಲೂಯಿಸಿನ ತಾಯಿ ಕೈಯಾರೆ ತುಂಬಿದ್ದ ಕಾರ್ಡನ್ನು ಇಲ್ಲಿ ಯಂತ್ರವೇ ತುಂಬುತ್ತಿತ್ತು. ಅಂಕಿಗಳಿಗೆ ಹಕ್ಕುಸ್ವಾಮ್ಯ ಇಟ್ಟುಕೊಳ್ಳದೆ ಯಾರು ಬೇಕಾದರೂ ಬಳಸಲೆಂದು ಬಿಟ್ಟರು. ಅಣುಶಕ್ತಿಯ ಪರವೂ ಅಲ್ಲ, ವಿರೋಧವೂ ಅಲ್ಲ ಎಂಬ ನಿಲುವನ್ನು ಉಳಿಸಿಕೊಂಡರು. ಇಂದು ಆ ಭಂಡಾರದಲ್ಲಿ ಹತ್ತು ಕೋಟಿಗೂ ಹೆಚ್ಚು ಅಳತೆಗಳಿವೆ.

ಅವರ ನಕ್ಷೆ ತೋರಿಸಿದ ಮುಖ್ಯ ಸಂಗತಿ ಎಂದರೆ ಇಡೀ ಊರಿಗೆ ಒಂದೇ ಸರಾಸರಿ ಅಂಕಿ ಕೊಡುವುದರಲ್ಲಿ ಅರ್ಥವಿಲ್ಲ. ರಸ್ತೆಯ ಈ ಬದಿಗೂ ಆ ಬದಿಗೂ, ಶಾಲೆಯ ಅಂಗಳಕ್ಕೂ ಅದರ ಚರಂಡಿಗೂ ಹಲವು ಪಟ್ಟು ವ್ಯತ್ಯಾಸವಿತ್ತು. 2011ರ ಏಪ್ರಿಲ್‌ನಲ್ಲಿ ಸರ್ಕಾರ ಶಾಲಾ ಅಂಗಳಗಳಿಗೆ ವರ್ಷಕ್ಕೆ 20 ಮಿಲಿಸೀವರ್ಟ್, ಅಂದರೆ ಗಂಟೆಗೆ 3.8 ಮೈಕ್ರೋಸೀವರ್ಟ್‌ವರೆಗೆ ಅವಕಾಶ ಕೊಟ್ಟಿತು. ಇದನ್ನು ಒಪ್ಪದೆ ಪ್ರಧಾನಿಯ ಸಲಹೆಗಾರರಾಗಿದ್ದ ತೊಶಿಸೊ ಕೊಸಾಕೊ ಕಣ್ಣೀರು ಹಾಕುತ್ತ ರಾಜೀನಾಮೆ ಕೊಟ್ಟರು. ಪೋಷಕರ ಪ್ರತಿಭಟನೆಯ ನಂತರ ಗುರಿ 1 ಮಿಲಿಸೀವರ್ಟ್‌ಗೆ ಇಳಿಯಿತು.

ಮುಂದೆ ಫುಕುಶಿಮಾದ ಜನರ ಬಾಯಲ್ಲಿ ಓಡಾಡಿದ ಅಂಕಿ 0.23. ಗಂಟೆಗೆ ಇಷ್ಟು ಮೈಕ್ರೋಸೀವರ್ಟ್ ದಾಟಿದರೆ ಆ ಜಾಗ ಶುಚಿಗೊಳಿಸಬೇಕು. ಇದರಲ್ಲಿ 0.04 ಮೊದಲಿನಿಂದ ನೆಲದಲ್ಲಿದ್ದ ಸಹಜ ವಿಕಿರಣ, ಉಳಿದ 0.19 ಅವಘಡದ ಪಾಲು. ಮನುಷ್ಯ ದಿನಕ್ಕೆ 8 ಗಂಟೆ ಹೊರಗಿರುತ್ತಾನೆ, 16 ಗಂಟೆ ಮರದ ಮನೆಯೊಳಗಿರುತ್ತಾನೆ, ಮನೆಯೊಳಗೆ ಹೊರಗಿನದರ ಶೇ. 40 ಮಾತ್ರ ಬರುತ್ತದೆ ಎಂದು ಹಿಡಿದು ಗುಣಿಸಿದರೆ ವರ್ಷಕ್ಕೆ ಹೆಚ್ಚುಕಡಿಮೆ 1 ಮಿಲಿಸೀವರ್ಟ್ ಆಗುತ್ತದೆ. ಆದರೆ ಗದ್ದೆಯಲ್ಲೇ ದಿನ ಕಳೆಯುವ ರೈತನೂ ಕಾಂಕ್ರೀಟ್ ಶಾಲೆಯಲ್ಲಿ ಕೂರುವ ವಿದ್ಯಾರ್ಥಿಯೂ ಈ ಲೆಕ್ಕದಲ್ಲಿ ಒಂದೇ. ಹೀಗಾಗಿ ಫುಕುಶಿಮಾದ ಪ್ರೌಢಶಾಲಾ ವಿದ್ಯಾರ್ಥಿಗಳು ಗಂಟೆಗಂಟೆಯ ಪ್ರಮಾಣ ದಾಖಲಿಸುವ ‘ಡಿ-ಶಟಲ್’ ಎಂಬ ಪುಟ್ಟ ಉಪಕರಣ ಧರಿಸಿ, ಫ್ರಾನ್ಸ್, ಪೋಲೆಂಡ್, ಬೆಲಾರೂಸಿನ ತಮ್ಮ ವಯಸ್ಸಿನವರೊಂದಿಗೆ ಹೋಲಿಸಿ ನೋಡಿದರು. ಅವರ ಪ್ರಮಾಣ ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಬೇರೆಯಾಗಿರಲಿಲ್ಲ. ಅಳೆದವರಲ್ಲಿ ತಾವೂ ಇದ್ದುದರಿಂದ ಆ ಮಕ್ಕಳಿಗೆ ಫಲಿತಾಂಶದ ಬಗ್ಗೆ ಪ್ರಶ್ನೆ ಕೇಳುವ ಶಕ್ತಿ ಬಂದಿತ್ತು. ಇನ್ನೊಂದೆಡೆ ಫುಕುಶಿಮಾದ ದಾತೆ ನಗರದ ನಿವಾಸಿಗಳ ವೈಯಕ್ತಿಕ ಅಳತೆಗಳನ್ನು ಹಲವರ ಒಪ್ಪಿಗೆಯಿಲ್ಲದೆ ಬಳಸಿದ್ದಕ್ಕೆ ಹಯಾನೊ ಸಹಲೇಖಕರಾಗಿದ್ದ ಎರಡು ಪ್ರಬಂಧಗಳನ್ನು 2020ರಲ್ಲಿ ಪತ್ರಿಕೆ ಹಿಂಪಡೆಯಿತು. ಜನರ ಮೈಮೇಲಿನ ಅಳತೆ ಜನರದೇ ಎಂಬ ಮಾತಿಗೆ ಅಷ್ಟು ತಡವಾಗಿ ಮನ್ನಣೆ ಸಿಕ್ಕಿತು.

ಹವ್ಯಾಸಿಗಳು ಎಡವಿದ ಕಡೆಗಳನ್ನೂ ಹೇಳಬೇಕು. ಮಳೆ ಬಂದಾಗ ಗೈಗರ್ ಕೌಂಟರ್ ಏರುತ್ತದೆ. ಗಾಳಿಯಲ್ಲಿ ಸಹಜವಾಗಿರುವ ರೇಡಾನ್ ಕ್ಷಯಿಸಿ ಹುಟ್ಟಿದ ಸೀಸ-214, ಬಿಸ್ಮತ್-214 ಕಣಗಳನ್ನು ಮಳೆ ನೆಲಕ್ಕೆ ತೊಳೆಯುತ್ತದೆ. ಅವುಗಳ ಅರ್ಧಾಯು ಅರ್ಧ ಗಂಟೆಗೂ ಕಡಿಮೆ, ಮಳೆ ನಿಂತ ಕೆಲವೇ ಗಂಟೆಯಲ್ಲಿ ಅಂಕಿ ಇಳಿದುಬಿಡುತ್ತದೆ. ಇದು ತಿಳಿಯದೆ 2011ರ ನಂತರ ಅಮೆರಿಕದ ಎಷ್ಟೋ ಊರುಗಳಲ್ಲಿ ಜನ ಮಳೆನೀರಿಗೆ ಹೆದರಿದರು. 2013ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಕಡಲತೀರದಲ್ಲಿ ಒಬ್ಬರು ಕೌಂಟರ್ ಹಿಡಿದು ತೆಗೆದ ವಿಡಿಯೊ ಫುಕುಶಿಮಾದ ನೀರು ದಡ ಮುಟ್ಟಿತೆಂಬ ಸುದ್ದಿಯಾಗಿ ಹಬ್ಬಿತು. ಮರಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ನೆಲದಲ್ಲಿ ಸಹಜವಾಗಿಯೇ ಇರುವ ಥೋರಿಯಂ ಮತ್ತು ರೇಡಿಯಂ. ಟೋಕಿಯೊದ ಸೆತಗಾಯಾದಲ್ಲಿ 2011ರ ಅಕ್ಟೋಬರ್‌ನಲ್ಲಿ ಕಾಲುದಾರಿಯೊಂದರಲ್ಲಿ ಗಂಟೆಗೆ 2.7 ಮೈಕ್ರೋಸೀವರ್ಟ್ ಕಂಡಾಗ ಎಲ್ಲರೂ ಫುಕುಶಿಮಾ ಎಂದರು. ಮೂಲ ಸಿಕ್ಕಿದ್ದು ಪಕ್ಕದ ಹಳೆಯ ಮನೆಯ ನೆಲದಡಿ ಇದ್ದ ರೇಡಿಯಂ ಸೀಸೆಗಳಲ್ಲಿ. ಅಂಕಿ ನಿಜ, ಕಾರಣ ಬೇರೆ. ಕೌಂಟರ್ ಎಷ್ಟು ಎಂದು ಹೇಳುತ್ತದೆ, ಯಾವುದು ಎಂದು ಹೇಳುವುದಿಲ್ಲ; ಅದಕ್ಕೆ ಗಾಮಾ ಸ್ಪೆಕ್ಟ್ರೋಮೀಟರ್ ಬೇಕು.

ಯಾವುದು ಎಂದು ಗುರುತಿಸುವ ಈ ಬಗೆಯನ್ನು ಸರಿಯಾಗಿ ಬಳಸಿಕೊಂಡವರು ವುಡ್ಸ್ ಹೋಲ್ ಸಂಸ್ಥೆಯ ಸಾಗರ ರಸಾಯನವಿಜ್ಞಾನಿ ಕೆನ್ ಬ್ಯೂಸೆಲರ್. 2014ರಲ್ಲಿ ಅವರು ಶಾಂತಸಾಗರ ತೀರದ ಜನರಿಂದ ಹಣವನ್ನೂ ಸಮುದ್ರದ ನೀರನ್ನೂ ಕೇಳಿದರು. ಸೀಸಿಯಂ-137ರ ಅರ್ಧಾಯು 30 ವರ್ಷ, ಹಳೆಯ ಬಾಂಬ್ ಪರೀಕ್ಷೆಗಳದ್ದೂ ಇನ್ನೂ ಸಮುದ್ರದಲ್ಲಿದೆ. ಸೀಸಿಯಂ-134ರ ಅರ್ಧಾಯು ಎರಡೇ ವರ್ಷ, ಆದ್ದರಿಂದ ಅದು ಸಿಕ್ಕಿತೆಂದರೆ ಫುಕುಶಿಮಾದ್ದೇ. 2015ರಲ್ಲಿ ಕೆನಡಾದ ಯೂಕ್ಲುಲೆಟ್‌ನಲ್ಲಿ ಜನ ತುಂಬಿಕೊಟ್ಟ ನೀರಿನಲ್ಲಿ ಅದು ಸಿಕ್ಕಿತು, ಘನಮೀಟರಿಗೆ 1.4 ಬೆಕೆರೆಲ್. ತೀರಾ ಕಡಿಮೆ, ಆದರೆ ನಿಸ್ಸಂದೇಹ.

ಈಚಿನ ವರ್ಷಗಳಲ್ಲಿ ಅಳತೆಗಿಂತ ಅದನ್ನು ಓದುವ ಬಗೆಯೇ ಕಷ್ಟವಾಗಿದೆ. 2019ರ ಆಗಸ್ಟ್‌ನಲ್ಲಿ ರಷ್ಯಾದ ನ್ಯೋನೊಕ್ಸಾದ ಬಳಿ ಸ್ಫೋಟವಾದಾಗ ಸೆವೆರೊದ್ವಿನ್ಸ್ಕ್ ನಗರಾಡಳಿತ ವಿಕಿರಣ ಏರಿಕೆಯ ಸೂಚನೆ ಹಾಕಿ ನಂತರ ತೆಗೆದುಹಾಕಿತು. 2022ರ ಫೆಬ್ರುವರಿಯಲ್ಲಿ ರಷ್ಯಾದ ಸೇನೆ ಚೆರ್ನೋಬಿಲ್ ವಲಯ ಹೊಕ್ಕಾಗ ಅಲ್ಲಿನ ಸೆನ್ಸರ್‌ಗಳ ಅಂಕಿ ಹಠಾತ್ತನೆ ನೆಗೆದದ್ದನ್ನು ಜಗತ್ತಿನ ಹವ್ಯಾಸಿಗಳು ತಕ್ಷಣ ಗಮನಿಸಿದರು. ಟ್ಯಾಂಕ್‌ಗಳು ಎಬ್ಬಿಸಿದ ಧೂಳು ಎಂಬ ವಿವರಣೆಯನ್ನು ನಂತರ ಹಲವರು ಪ್ರಶ್ನಿಸಿದ್ದಾರೆ. ಫ್ರಾನ್ಸಿನಲ್ಲಿ ಆಕ್ರೋ ಸ್ವಯಂಸೇವಕರು 2019ರ ಜನವರಿಯಲ್ಲಿ ಸೋಮ್ಯೂರ್ ಬಳಿ ಲುವಾರ್ ನದಿಯಲ್ಲಿ ಲೀಟರಿಗೆ 310 ಬೆಕೆರೆಲ್ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಪತ್ತೆ ಮಾಡಿದರು. ಸರ್ಕಾರಿ ಸಂಸ್ಥೆಯೂ ತನಿಖೆಗಿಳಿಯಬೇಕಾದಷ್ಟು ಗಟ್ಟಿಯಾದ ಅಳತೆ ಅದು. ಆದರೆ ಅದೇ ವರ್ಷದ ಬೇಸಿಗೆಯಲ್ಲಿ ಆಕ್ರೋದ ಇನ್ನೊಂದು ವರದಿಯನ್ನು ತಿರುಚಿದ ವಾಟ್ಸ್‌ಆ್ಯಪ್ ಸಂದೇಶಗಳು ಪ್ಯಾರಿಸ್ ಸುತ್ತಲ ನಲ್ಲಿ ನೀರು ಕುಡಿಯಬೇಡಿ ಎಂದು ಹಬ್ಬಿದವು. ಆ ವದಂತಿಯನ್ನು ವರದಿ ಬರೆದವರೂ ಅಲ್ಲಗಳೆಯಬೇಕಾಯಿತು.

ಟ್ರಿಟಿಯಂ ಎಂದರೆ ಕರ್ನಾಟಕದವರಿಗೆ ಕೈಗಾ ನೆನಪಾಗಬೇಕು. ಕಾಳಿ ನದಿಯ ದಡದ ಈ ಸ್ಥಾವರದ ವಿರುದ್ಧ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೇ ನಿಂತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಘಟಕದ ಕಾಂಕ್ರೀಟ್ ಗುಮ್ಮಟದ ಒಳಪದರ ಕುಸಿಯಿತು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿತು. ಅದು ಗೊತ್ತಾದದ್ದು ನಿಯತ ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂನ ಬೀಟಾ ಕಣ ಎಷ್ಟು ದುರ್ಬಲವೆಂದರೆ ಸಾಮಾನ್ಯ ಗೈಗರ್ ಕೌಂಟರ್‌ನ ಕಿಟಕಿಯನ್ನೂ ದಾಟಲಾರದು. ಸ್ಥಾವರದ ಸುತ್ತ ಬಿಗೈಗಿ ಕಟ್ಟಿದ ಕಾರು ಎಷ್ಟು ಸುತ್ತಿದರೂ ಅದು ಕಾಣುತ್ತಿರಲಿಲ್ಲ. ನಮ್ಮ ಕರಾವಳಿಗೆ ಇನ್ನೊಂದು ತೊಡಕಿದೆ. ಉಳ್ಳಾಲದ ಮರಳಿನಲ್ಲಿ ಮೋನಜೈಟ್ ಇರುವುದರಿಂದ ಅಲ್ಲಿನ ಸಹಜ ವಿಕಿರಣ ಹೆಚ್ಚು ಎಂದು ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲೇ ಪ್ರಕಟಿಸಿದ್ದಾರೆ. ಹಾಫ್ ಮೂನ್ ಬೇಯ ಗೊಂದಲ ಮೊಬೈಲ್ ವಿಡಿಯೊ ಮೂಲಕ ಇಲ್ಲೂ ನಾಳೆಯೇ ಹುಟ್ಟಬಹುದು. ಅದೇ ವಿಶ್ವವಿದ್ಯಾಲಯ ಕೈಗಾ ಪರಿಸರದ ಮಣ್ಣು, ನೀರು, ಗಿಡಗಳ ಅಳತೆಯನ್ನೂ ಮಾಡಿದೆ. ಅದು ವಿಜ್ಞಾನ ಪತ್ರಿಕೆಗಳಲ್ಲಿದೆ, ಕಾರವಾರದ ಮೀನುಗಾರರ ಕೈಯಲ್ಲಿಲ್ಲ.

ಅಳತೆಯನ್ನು ಜನರ ಕೈಗೇ ತರುವುದು ಸಾಧ್ಯ. ಫುಕುಶಿಮಾದ ಇವಾಕಿ ನಗರದ ತಾಯಂದಿರು 2011ರಲ್ಲೇ ‘ತರಾಚಿನೆ’ ಎಂಬ ಪ್ರಯೋಗಾಲಯ ತೆರೆದರು. ನೆರೆಹೊರೆಯವರು ತಂದ ತರಕಾರಿ, ಮೀನು, ಅಕ್ಕಿಯನ್ನು ಹೆಚ್ಚಿ ಡಬ್ಬಿಗೆ ತುಂಬಿ ಸೀಸಿಯಂ ಅಳೆದರು. ಅದು ಸಾಲದೆಂದು ಸ್ಟ್ರಾನ್ಷಿಯಂ ಮತ್ತು ಟ್ರಿಟಿಯಂ ಅಳೆಯುವ ದ್ರವ ಸಿಂಟಿಲೇಶನ್ ಕೌಂಟರನ್ನು ದೇಣಿಗೆಯ ಹಣದಲ್ಲಿ ಕೊಂಡು ತಾವೇ ನಡೆಸಲು ಕಲಿತರು. ಇತ್ತ ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳಿಗೆ ಒಪ್ಪಿಗೆ ಸಿಕ್ಕಿದೆ. ಅವು ಓಡತೊಡಗುವ ಮೊದಲೇ ಕದ್ರಾದಿಂದ ಸದಾಶಿವಗಡದವರೆಗೆ ಕಾಳಿಯ ನೀರನ್ನು ಋತುವಿಗೊಮ್ಮೆ ಸೀಸೆಗೆ ತುಂಬಿ, ತುಂಬಿದವರು, ತುಂಬಿದ ಜಾಗ ಮತ್ತು ದಿನವನ್ನು ಬರೆದು ಮಂಗಳೂರಿಗೆ ಒಯ್ಯುವ ಕೆಲಸವನ್ನು ಆ ದಡದ ಕಾಲೇಜುಗಳು ಈ ವರ್ಷವೇ ಶುರುಮಾಡಬಹುದು.