ಕೇರಿಗಳ ಊರಿಗೆ ಒಂದು ಸಭೆ



ಉತ್ತರ ಕನ್ನಡ ಜಿಲ್ಲೆಯ ಮಾವಳ್ಳಿಯನ್ನು ಬಿಟ್ಟು ಕಡಲ ಅಂಚಿನಲ್ಲಿಯೇ ತೆಂಕಣಕ್ಕೆ ನಡೆದರೆ, ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿ ಭಟ್ಕಳ ಪಟ್ಟಣವು ಸಿಗುತ್ತದೆ. ಬೆಟ್ಟಗಳ ನಡುವೆ ಸಣ್ಣದೊಂದು ಹೊಳೆಯ ಬದಿಯಲ್ಲಿ ಕುಳಿತಿರುವ ಊರು. 2011ನೆಯ ಜನಗಣತಿಯಂತೆ ಅದರ ಜನಸಂಖ್ಯೆ ಸುಮಾರು 32,000. ಇಷ್ಟು ಚಿಕ್ಕ ಊರಿನೊಳಗೆ ಮನೆಯ ಮಾತಾಗಿ ನಡೆಯುವ ಭಾಷೆಗಳು ಕನ್ನಡ, ಕೊಂಕಣಿ, ನವಾಯಿತಿ, ಉರ್ದು. ನಾಮಧಾರಿಗಳು, ನವಾಯತರು, ಸಾರಸ್ವತರು, ಮೊಗೇರರು, ಖಾರ್ವಿಗಳು, ಗೊಂಡರು, ಜೈನರು ಹೀಗೆ ಹಲವು ಸಮುದಾಯದವರು ಊರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ನೆಲೆಸಿದ್ದಾರೆ. ಇವರೆಲ್ಲರನ್ನೂ ಒಂದೇ ಸಭೆಯು, ಒಂದೇ ಖಜಾನೆಯಿಂದ, ಒಂದೇ ರೀತಿಯಾಗಿ ಸೇವಿಸಬೇಕೆಂಬ ಹಂಬಲವು ಯಾವಾಗ ಹುಟ್ಟಿತು, ಎಷ್ಟರ ಮಟ್ಟಿಗೆ ಕೈಗೂಡಿತು ಎಂಬುದನ್ನು ಈ ಭಾಷಣದಲ್ಲಿ ವಿಚಾರಿಸಬೇಕೆಂದಿದ್ದೇನೆ.

ಈ ಹಂಬಲವು ಹಳೆಯದಲ್ಲ. ಹಳೆಯದಾಗಿದ್ದುದು ಕೇರಿ. ನಮ್ಮ ಕರಾವಳಿಯ ರೇವುಪಟ್ಟಣಗಳೆಲ್ಲವೂ ಕೇರಿಕೇರಿಯಾಗಿಯೇ ಬೆಳೆದವು. ಭಟ್ಕಳದ ದಕ್ಷಿಣಕ್ಕಿರುವ ಬಾರಕೂರಿನ ವಿಜಯನಗರ ಕಾಲದ ಶಾಸನಗಳನ್ನು ನೋಡಿದವರು ಅಲ್ಲಿಯ ಹತ್ತು ಕೇರಿಗಳನ್ನೂ, ಆ ಕೇರಿಗಳ ‘ಹಲರು’ ಎಂಬ ಹಿರಿಯರ ಕೂಟವನ್ನೂ ಮರೆಯಲಾರರು. ಚೌಳಿಕೇರಿ, ಮಣಿಗಾರಕೇರಿ, ಮೂಡುಕೇರಿ ಎಂಬ ಹೆಸರುಗಳು ಈಗಲೂ ಅಳಿದಿಲ್ಲ. ದಾನವನ್ನು ಕಾಪಾಡುವುದು, ದೇವಸ್ಥಾನದ ಲೆಕ್ಕವನ್ನು ನೋಡುವುದು, ತಕರಾರನ್ನು ತೀರಿಸುವುದು ಇವೆಲ್ಲವೂ ಹಲರ ಕೆಲಸ. ಅವರ ಜೊತೆಗೆ ‘ನಖರ’ವೆಂಬ ಸೆಟ್ಟಿಗಳ ಸಂಘವೂ, ‘ಹಂಜಮಾನ’ವೆಂಬ ಪರದೇಶಿ ವರ್ತಕರ ಸಂಘವೂ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತವೆ. ಹಂಜಮಾನವೆಂಬುದು ಪಾರಸಿಯ ‘ಅಂಜುಮನ್’ ಶಬ್ದದ ಕನ್ನಡ ರೂಪವೇ ಹೊರತು ಬೇರೆಯಲ್ಲ. ಪರಭಾಷೆಯ ಸಭೆಯೊಂದನ್ನು ನಮ್ಮ ಲಿಪಿಕಾರರು ಯಾವ ಸಂಕೋಚವೂ ಇಲ್ಲದೆ ಕಲ್ಲಿನ ಮೇಲೆ ಕನ್ನಡ ಮಾಡಿಟ್ಟರು. ಅದೇ ಶಬ್ದವು 1919ರಲ್ಲಿ ಭಟ್ಕಳದಲ್ಲಿ ಹುಟ್ಟಿದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಎಂಬ ವಿದ್ಯಾಸಂಸ್ಥೆಯ ಹೆಸರಿನಲ್ಲಿ ಮರಳಿ ಬಂದಿತು.

ಭಟ್ಕಳದ ಸಂಪತ್ತಿಗೆ ಮೂಲವು ವ್ಯಾಪಾರ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡ ಪೋರ್ಚುಗೀಸ್ ಲೇಖಕ ಬಾರ್ಬೋಸನು ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಡುತ್ತಿದ್ದುದನ್ನೂ, ಹೊರ್ಮುಜಿನಿಂದ ಕುದುರೆಗಳು ಬಂದಿಳಿಯುತ್ತಿದ್ದುದನ್ನೂ ಬರೆದಿದ್ದಾನೆ. ಆ ಕುದುರೆಗಳು ಘಟ್ಟವನ್ನು ಹತ್ತಿ ವಿಜಯನಗರವನ್ನು ಸೇರುತ್ತಿದ್ದುವು. ಇಂತಹ ಊರಿನ ಮೇಲೆ ಯಾರ ಕಣ್ಣು ತಾನೆ ಬೀಳದು? 1502ರಲ್ಲಿ ವಾಸ್ಕೋ ಡ ಗಾಮನು ಅಕ್ಕಿಯ ಕಪ್ಪವನ್ನು ಹೇರಿದನು. 1542ರಲ್ಲಿ ಮಾರ್ಟಿಂ ಅಫೊನ್ಸೊ ಡಿ ಸೌಸನು ಊರನ್ನೇ ಸುಟ್ಟನು. ಸುಟ್ಟ ಊರು ಕೆಲವೇ ವರ್ಷಗಳಲ್ಲಿ ಮತ್ತೆ ಎದ್ದಿತೆಂಬುದಕ್ಕೆ ಸಾಕ್ಷಿ ಬೇಕಾದರೆ ಮೂಡಭಟ್ಕಳಕ್ಕೆ ಹೋಗಿ ನೋಡಬೇಕು. ಖೇತಪೈ ಎಂಬ ಕೊಂಕಣಿ ವರ್ತಕನ ಹೆಸರಿನ ನಾರಾಯಣ ದೇವಾಲಯವೂ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯೂ ಆ ಶತಮಾನದ ನಡುವಿನವೇ. ಊರನ್ನು ಆಳಿದವರು ಜೈನರು. ಕಡೆಯಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ. ಆ ಅರಸಿನ ಕಾಲದಲ್ಲಿ ವೈಷ್ಣವ ವರ್ತಕರ ಗುಡಿ, ಜೈನರ ಬಸದಿ, ನವಾಯತರ ಮಸೀದಿ ಇವು ಒಂದರಿಂದೊಂದು ಕೂಗಳತೆಯ ದೂರದಲ್ಲಿ ನಡೆಯುತ್ತಿದ್ದುವು. ಇದನ್ನು ಹೇಳುವಾಗ ನಮ್ಮವರು ಸ್ವಲ್ಪ ಅತಿಯಾಗಿ ಹಿಗ್ಗುವುದುಂಟು. ಅಂದಿನ ಅರಸರು ಪ್ರಜೆಗಳನ್ನು ಸಮವಾಗಿ ಕಂಡರೆಂಬುದಕ್ಕಿಂತ, ಸುಂಕವನ್ನು ಕೊಡತಕ್ಕ ಕೈ ಯಾವುದಾದರೂ ಆಗಲಿ ಎಂದಿದ್ದರೆಂಬುದೇ ಸತ್ಯಕ್ಕೆ ಹತ್ತಿರವೆಂದು ನನಗೆ ತೋರುತ್ತದೆ. ಕೇರಿಯ ಶಾಲೆ, ಕೇರಿಯ ಬಾವಿ, ಕೇರಿಯ ಬಡವರು, ಇವೆಲ್ಲವೂ ಕೇರಿಯ ಪಾಲಿಗೇ ಸೇರಿದ್ದುವು. 1342ರಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡು ಬೆರಗಾದನು. ಹುಡುಗಿಯರಿಗೆ ಹದಿಮೂರು ಶಾಲೆಗಳೆಂದರೆ ಸಾಮಾನ್ಯವೇ! ಆದರೆ ಅವು ಒಂದು ಸಮುದಾಯದವು.

ಸರ್ವರಿಗೂ ಸೇರಿದ ಕೆಲಸವೊಂದರ ಸ್ಪಷ್ಟವಾದ ಚಿತ್ರವು 1801ರಲ್ಲಿ ಬುಕನನ್ನನ ಪ್ರವಾಸಕಥನದಲ್ಲಿ ದೊರೆಯುತ್ತದೆ. ಟಿಪ್ಪುವಿನ ಪತನವಾಗಿ ಎರಡೇ ವರ್ಷ ಕಳೆದಿತ್ತು. ಭಟ್ಕಳದಲ್ಲಿ 500 ಮನೆಗಳು, ಎರಡು ಮಸೀದಿಗಳು, 76 ಗುಡಿಗಳು ಇದ್ದುವೆಂದು ಅವನು ಎಣಿಸಿದನು. ಗಂಡಸರು ವ್ಯಾಪಾರಕ್ಕೆಂದು ಕರಾವಳಿಯುದ್ದಕ್ಕೂ ಹೋಗಿ, ಸಂಸಾರವನ್ನು ಊರಲ್ಲಿಯೇ ಬಿಟ್ಟಿರುತ್ತಿದ್ದ ನವಾಯತರ ಪದ್ಧತಿಯನ್ನೂ ಅವನು ಗಮನಿಸಿದನು. ಈಗಿನವರು ದುಬಾಯಿಗೆ ಹೋಗುವುದು ಹೊಸ ಪದ್ಧತಿಯೇನೂ ಅಲ್ಲ. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದಿಟ್ಟದ್ದು ಇನ್ನೊಂದು ಸಂಗತಿ. ಗದ್ದೆಗಳಿಗೆ ನೀರುಣಿಸಲು ಪ್ರತಿ ವರ್ಷವೂ ಸರ್ಕಾರದ ವೆಚ್ಚದಲ್ಲಿ ಎಂಟು ಮಣ್ಣಿನ ಕಟ್ಟುಗಳನ್ನು ಕಟ್ಟುತ್ತಿದ್ದರಂತೆ. ಮಳೆಗಾಲದ ಮೊದಲ ಪ್ರವಾಹದಲ್ಲಿ ಅವೆಲ್ಲವೂ ಕೊಚ್ಚಿಹೋಗುವುವು. ಮಳೆ ಮುಗಿದ ಮೇಲೆ ಮತ್ತೆ ಕಟ್ಟುವರು. 76 ಗುಡಿಗಳ, ಎರಡು ಮಸೀದಿಗಳ ಊರಿನಲ್ಲಿ ಹೊಳೆಯ ಕಟ್ಟು ಯಾರೊಬ್ಬರದೂ ಆಗಿರಲಿಲ್ಲ.

ಬ್ರಿಟಿಷರ ಕಾಲದ ಮುನಿಸಿಪಾಲಿಟಿಯು ಬಂದುದು ಬೇರೆ ದಾರಿಯಿಂದ. 1850ರ ಇಪ್ಪತ್ತಾರನೆಯ ಕಾಯಿದೆಯು ಊರವರು ಬಯಸಿದರೆ ಪೌರಸಭೆಯನ್ನು ಮಾಡಿಕೊಳ್ಳಬಹುದೆಂದು ಹೇಳಿತು. 1862ರಲ್ಲಿ ಉತ್ತರ ಕನ್ನಡವು ಮದರಾಸಿನ ಆಡಳಿತವನ್ನು ಬಿಟ್ಟು ಮುಂಬಯಿ ಇಲಾಖೆಗೆ ಸೇರಿತು. 1882ರಲ್ಲಿ ಲಾರ್ಡ್ ರಿಪನ್ನನ ನಿರ್ಣಯವು, ಸ್ಥಳೀಯ ಸ್ವರಾಜ್ಯವು ಆಡಳಿತದ ಅನುಕೂಲಕ್ಕಿಂತಲೂ ಹೆಚ್ಚಾಗಿ ಜನರ ರಾಜಕೀಯ ಶಿಕ್ಷಣಕ್ಕಾಗಿ ಎಂದು ಸಾರಿತು. ಆ ಶತಮಾನವು ಮುಗಿಯುವುದರೊಳಗೆ ಭಟ್ಕಳಕ್ಕೂ ಪುರಸಭೆಯು ಬಂದಿತು. 1925ರ ಕಾಯಿದೆಯಿಂದ ಮುಂಬಯಿ ಇಲಾಖೆಯ ದೊಡ್ಡ ಪಟ್ಟಣಗಳು ‘ಬರೋ’ ಎಂಬ ಹಿರಿಮೆಯನ್ನು ಪಡೆದುವು. ಭಟ್ಕಳದಂತಹ ಸಣ್ಣ ಊರುಗಳು ಹಳೆಯ ಕಾಯಿದೆಯಲ್ಲಿಯೇ ಉಳಿದುವು. ಕಂದೀಲು, ಚರಂಡಿ, ಸಿಡುಬಿನ ಚುಚ್ಚುಮದ್ದು, ರಸ್ತೆ ಇಂತಹ ಕೆಲಸಗಳನ್ನೇ ಆ ಕಾಲದ ಪುರಸಭೆಗಳು ಕೈಗೆತ್ತಿಕೊಂಡುವು. ಕೇರಿಯ ಹಲರು ಎಂದೂ ಕೇಳದಿದ್ದ ಪ್ರಶ್ನೆಯೊಂದನ್ನು ಇವು ಕೇಳಲಾರಂಭಿಸಿದುವು: ಈ ಮನೆಯು ಯಾವ ಕೇರಿಯದು ಎಂದಲ್ಲ, ಈ ಮನೆಯ ನಂಬರು ಎಷ್ಟು ಎಂದು.

ಇಲ್ಲಿಯೇ ತೊಡಕು ಹುಟ್ಟಿದುದು. ಕೇರಿಯು ತನ್ನವರನ್ನು ಹೆಸರು ಹಿಡಿದು ಬಲ್ಲದು. ಪುರಸಭೆಯು ನಂಬರಿನಿಂದ ಬಲ್ಲದು. ಆದುದರಿಂದ ಭಟ್ಕಳದಲ್ಲಿ ಎರಡೂ ಉಳಿದುವು. ನವಾಯತರು 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಜೀಮ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ನಾಮಧಾರಿಗಳಿಗೆ ಆಸರಕೇರಿಯ ಗುರುಮಠವು ಕೇಂದ್ರವಾಯಿತು. ಪುರಸಭೆಯ ಚುನಾವಣೆಗೆ ನಿಲ್ಲುವವರು ಯಾರು ಎಂಬುದು ಎಷ್ಟೋ ಸಲ ಇಂತಹ ಕೂಟಗಳಲ್ಲಿಯೇ ನಿಶ್ಚಯವಾಯಿತು. ಇದನ್ನು ದೋಷವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಶಾಲೆಯನ್ನೂ, ಆಸ್ಪತ್ರೆಯ ಖರ್ಚನ್ನೂ, ವಿಧವೆಯ ಪೋಷಣೆಯನ್ನೂ ಹೊತ್ತ ಸಂಸ್ಥೆಗೆ ಜನರು ಕಿವಿಗೊಡದೆ ಇನ್ನಾರಿಗೆ ಕಿವಿಗೊಡಬೇಕು? ಆದರೆ ಕೇರಿಕೇರಿಗಳ ನಡುವಣ ವಿಶ್ವಾಸವು ಒಡೆದರೆ ಪುರಸಭೆಯು ಅದನ್ನು ಬೆಸೆಯಲಾರದೆಂಬುದು 1993ರಲ್ಲಿ ತಿಂಗಳುಗಟ್ಟಲೆ ನಡೆದ ಗಲಭೆಯಲ್ಲಿ ಎಲ್ಲರಿಗೂ ತಿಳಿಯಿತು. ಅದರ ವಿಚಾರಣೆಗೆ ಸರ್ಕಾರವು ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿಯವರ ಆಯೋಗವನ್ನು ನೇಮಿಸಬೇಕಾಯಿತು. ಅದೇ ವರ್ಷದಲ್ಲಿಯೇ ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಜಾರಿಗೆ ಬಂದು, ಪುರಸಭೆಗಳಿಗೆ ಹೊಸ ಬಲವನ್ನು ಕೊಟ್ಟಿತು. ವಾರ್ಡು ಸಮಿತಿಗಳನ್ನು ಮಾತ್ರ ಅದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಿಗೇ ಕಡ್ಡಾಯ ಮಾಡಿತು. ಕೇರಿಗಳು ಜೀವಂತವಾಗಿದ್ದ ಸಣ್ಣ ಊರುಗಳಿಗೇ ಆ ಅವಕಾಶವು ತಪ್ಪಿಹೋಯಿತು.

2022ರಲ್ಲಿ ಪುರಸಭೆಯ ಕಟ್ಟಡದ ಮೇಲೆ ಕನ್ನಡ, ಇಂಗ್ಲಿಷುಗಳ ಜೊತೆಗೆ ಉರ್ದುವಿನಲ್ಲಿಯೂ ಹೆಸರನ್ನು ಬರೆಸಿದಾಗ ಊರಿನಲ್ಲಿ ವಾದವೆದ್ದಿತು. ನಿವಾಸಿಗಳ ಭಾಷೆಯೊಂದು ತಮ್ಮ ಸಭೆಯ ಬಾಗಿಲಲ್ಲಿದ್ದರೆ ತಪ್ಪೇನೆಂದು ಒಂದು ಪಕ್ಷ. ರಾಜ್ಯದ ಭಾಷೆಯಿರುವಲ್ಲಿ ಅದು ಸಲ್ಲದೆಂದು ಇನ್ನೊಂದು ಪಕ್ಷ. ಕಡೆಗೆ ಉರ್ದು ಅಕ್ಷರಗಳನ್ನು ತೆಗೆಯಲಾಯಿತು. ಎರಡು ಪಕ್ಷದವರೂ ಗಮನಿಸದೆ ಹೋದ ಸಂಗತಿಯೊಂದುಂಟು. ನವಾಯತರ ಮನೆಮಾತು ಉರ್ದುವಲ್ಲ, ಕೊಂಕಣಿಗೆ ಹತ್ತಿರದ ನವಾಯಿತಿ. ಖೇತಪೈಯ ಕುಲದವರ ಮನೆಮಾತು ಕೊಂಕಣಿ. ಊರಿನ ಈ ಎರಡು ಒಡಹುಟ್ಟಿದ ಭಾಷೆಗಳಿಗೆ ಯಾವ ಫಲಕದಲ್ಲಿಯೂ ಜಾಗವಿರಲಿಲ್ಲ, ಕೇಳಿದವರೂ ಇರಲಿಲ್ಲ.

ಆ ವಾದದ ಬಿಸಿ ಆರುವ ಮೊದಲೇ, ಅದೇ ವರ್ಷದ ಆಗಸ್ಟ್ 2ರಂದು, ಒಂದೇ ದಿನದಲ್ಲಿ ಐನೂರು ಮಿಲಿಮೀಟರಿಗೂ ಮೀರಿದ ಮಳೆಯು ಸುರಿಯಿತು. ಅಂಗಡಿಸಾಲುಗಳು ಮುಳುಗಿದುವು, ಮುಟ್ಟಳ್ಳಿಯಲ್ಲಿ ಗುಡ್ಡವು ಜರಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಊರೊಳಗಿನ ಶರಾಬಿ ಹೊಳೆಯಲ್ಲಿ ಹೂಳು ತುಂಬಿರುವುದೂ, ಒಳಚರಂಡಿಯ ಕೊಳಕು ಅದಕ್ಕೆ ಸೇರಿ ಬಾವಿಗಳ ನೀರು ಕೆಡುವುದೂ ಅಲ್ಲಿಯ ಜನರ ಬಹುಕಾಲದ ದೂರು. ಕುಡಿಯುವ ನೀರಿಗೆ ಪಟ್ಟಣವು ಕಡವಿನಕಟ್ಟೆಯ ಅಣೆಕಟ್ಟನ್ನು ನಂಬಿದೆ. ಬುಕನನ್ನನು ಕಂಡ ಎಂಟು ಕಟ್ಟುಗಳ ನೆನಪು ಈ ಸಂದರ್ಭದಲ್ಲಿ ನನಗೆ ಬಾರದಿರದು. ಹೊಳೆಯನ್ನು ವರ್ಷವರ್ಷವೂ ಕಟ್ಟುವ, ಕೆರೆಯುವ ಕೆಲಸಕ್ಕೆ ಫಲಕದಷ್ಟು ಉತ್ಸಾಹವು ದೊರೆಯಲಿಲ್ಲವೆಂದರೆ ಅದು ಭಟ್ಕಳದವರ ಮೇಲೆ ಮಾತ್ರ ಹೊರಿಸತಕ್ಕ ಅಪವಾದವಲ್ಲ. ಬೆಂಗಳೂರಿನ ರಾಜಕಾಲುವೆಗಳ ಬದಿಯಲ್ಲಿ ವಾಸಿಸುವ ಶ್ರೋತೃಗಳು ಇದನ್ನು ಚೆನ್ನಾಗಿ ಬಲ್ಲರು.

ಇನ್ನು ಮಾವಳ್ಳಿಯ ಮಾತು. ಮುರ್ಡೇಶ್ವರವು ಈ ಮಾವಳ್ಳಿಗೆ ಸೇರಿದ್ದು. 123 ಅಡಿಯ ಶಿವಮೂರ್ತಿಯನ್ನೂ, 2008ರಲ್ಲಿ ತೆರೆದ ಇಪ್ಪತ್ತು ಅಂತಸ್ತಿನ ಗೋಪುರವನ್ನೂ ನೋಡಲು ಬರುವ ಯಾತ್ರಿಕರಿಂದ ಅಲ್ಲಿಯ ಕಡಲತೀರವು ತುಂಬಿರುತ್ತದೆ. ಮೀನುಗಾರರ ದೋಣಿಗಳು, ನವಾಯತರ ಮನೆಗಳು, ವಸತಿಗೃಹಗಳು, ಗದ್ದೆಗಳು ಎಲ್ಲವೂ ಅಲ್ಲಿ ಒತ್ತೊತ್ತಾಗಿವೆ. ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ ಈ ಪ್ರದೇಶವು ಮಾವಳ್ಳಿ-1, ಮಾವಳ್ಳಿ-2 ಎಂದು ಎರಡು ಗ್ರಾಮ ಪಂಚಾಯತಿಗಳಾಗಿ ಹಂಚಿಹೋಯಿತು. ಹಳ್ಳಿಯ ತೆರಿಗೆಯಿಂದ ಪಟ್ಟಣದ ಕಸವನ್ನು ಎತ್ತಬೇಕಾದ ಕಷ್ಟವು ಆ ಪಂಚಾಯತಿಗಳದು. ಹಬ್ಬದ ಮರುದಿನ ಬೆಳಗ್ಗೆ, ಯಾತ್ರಿಕರು ಇನ್ನೂ ಏಳುವ ಮೊದಲು, ಮರಳಿನ ಮೇಲೆ ಬಿದ್ದ ಎಲೆ, ಬಾಟಲಿ, ಬಲೆಯ ಚೂರುಗಳನ್ನು ಆಯುತ್ತಿರುವ ಪಂಚಾಯತಿಯ ಕೆಲಸಗಾರರನ್ನು ಅಲ್ಲಿ ನೋಡಬಹುದು.